ಸವಳು ನೆಲ ಮತ್ತು ಸಂಶೋಧನಾ ವಿದ್ಯಾರ್ಥಿ

ಕೇಳುಗರಿಗೆ ನಮಸ್ಕಾರ.

ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಹೊರಟ ನಮ್ಮ ರಾಯಚೂರು ಸೀಮೆಯ ಮಕ್ಕಳು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಸರ್, ಯಾವ ಟಾಪಿಕ್ ತಗೊಂಡ್ರ ಲಗೂ ಮುಗೀತದ್ರಿ?" ಬೇಸಿಗೆಯಲ್ಲಿ ಒಮ್ಮೆ ಸಿಂಧನೂರು, ಗಂಗಾವತಿ ಕಡೆಯ ಹೊಲ ನೋಡಿ ಬನ್ನಿ ಅನ್ನುತ್ತೇನೆ.

ಅಲ್ಲಿ ಎಷ್ಟೋ ಹೊಲಗಳ ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ. ತುಂಗಭದ್ರಾ ಕಾಲುವೆಗೆ ನೀರು ಬಂದದ್ದು 1953ರಲ್ಲಿ. ಯೋಜನೆ ಹಾಕಿದ್ದು ಬಹುಪಾಲು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆ. ರೈತರು ನಾಟಿ ಮಾಡಿದ್ದು ಭತ್ತ. ಎರೆ ಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರಿತು, ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು. ಇದೇ ಸವಳು.

ಇದನ್ನು ಅಳೆಯುವುದು ಸುಲಭ ಅನಿಸುತ್ತದೆ. ಮಣ್ಣಿಗೆ ನೀರು ಕಲಸಿ, ಸಾರ ತೆಗೆದು, ಅದರ ವಿದ್ಯುತ್ ವಾಹಕತೆ ನೋಡಿದರಾಯಿತು; ಉಪ್ಪು ಹೆಚ್ಚಿದಷ್ಟೂ ವಾಹಕತೆ ಹೆಚ್ಚು. ಅದು ಮೀಟರಿಗೆ 4 ಡೆಸಿಸೀಮನ್ಸ್ (ವಾಹಕತೆ ಅಳೆಯುವ ಮಾನ) ದಾಟಿದರೆ ಸವಳು. ಆದರೆ ಆ ಅಳತೆ 25 ಡಿಗ್ರಿ ಸೆಲ್ಸಿಯಸ್ಸಿಗೆ ಹೇಳಿದ್ದು. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇಕಡಾ 2 ಏರುತ್ತದೆ. ಮೇ ತಿಂಗಳಲ್ಲಿ ನಮ್ಮ ಪ್ರಯೋಗಾಲಯಗಳು 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆಗ 3.2 ಇರುವ ಒಳ್ಳೆಯ ಮಣ್ಣು 4 ದಾಟಿದಂತೆ ಕಾಣುತ್ತದೆ! ಉಷ್ಣತೆಯನ್ನು ತಾನೇ ಸರಿಪಡಿಸಿಕೊಳ್ಳುವ ಮೀಟರ್ ಇದ್ದರೂ ದಿನಾ ಬೆಳಿಗ್ಗೆ, ವಾಹಕತೆ ಮೊದಲೇ ಗೊತ್ತಿರುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಿಂದ ಅದನ್ನು ಪರೀಕ್ಷಿಸಿ, ಅಂಕಿಯ ಪಕ್ಕ ಉಷ್ಣತೆಯನ್ನೂ ಬರೆದಿಡಬೇಕು. ನನ್ನ ಪ್ರಕಾರ ವಿಜ್ಞಾನಿ ತಯಾರಾಗುವುದು ಈ ಕೆಲಸದಲ್ಲೇ. ತಾನು ಪಡೆದ ಅಂಕಿಯನ್ನು ಮೊದಲು ತಾನೇ ಅನುಮಾನಿಸುವುದನ್ನು ಯಾವ ಕೋರ್ಸ್‌ವರ್ಕೂ ಇಷ್ಟು ಚೆನ್ನಾಗಿ ಕಲಿಸದು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ. ಮಣ್ಣಿನ ಕೆಲಸ ಮಾಡುವವರಿಗೆ ಅದು ಮೂರೇ ಮುಂಗಾರು. ಮಳೆಗೆ ಮುಂಚೆ ತೆಗೆಯಬೇಕಾದ ಮಾದರಿ ಈ ವರ್ಷ ತಪ್ಪಿದರೆ ಮುಂದಿನ ಬೇಸಿಗೆವರೆಗೆ ಸಿಗದು. ಹಾಗಾಗಿ ನೋಂದಣಿ ಆಗುವ ಮುಂಚೆಯೇ ಹೊಲ ಗೊತ್ತುಮಾಡಿಕೊಳ್ಳಿ; ಯಾವ ಆಳದಲ್ಲಿ, ಯಾವ ತಿಂಗಳು ಮಣ್ಣು ತೆಗೆಯಬೇಕೆಂದು ಬರೆದಿಟ್ಟುಕೊಳ್ಳಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳಿನ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಮೊದಲು ಅದನ್ನು ಓದಿ.

ಇನ್ನು ಆ 4 ಎಂಬ ಗೆರೆ. ಅದನ್ನು ಜಗತ್ತಿಗೆಲ್ಲ ರೂಢಿ ಮಾಡಿದ್ದು ಅಮೆರಿಕದ ಸವಳು ಪ್ರಯೋಗಾಲಯ 1954ರಲ್ಲಿ ತಂದ ಕೈಪಿಡಿ. ನಮ್ಮ ಜಿಗುಟು ಎರೆ ಮಣ್ಣಿಗೆ, ನಮ್ಮ ಜೋಳಕ್ಕೆ, ತೊಗರಿಗೆ ಅದೇ ಗೆರೆ ಸರಿಯೇ? ಬಳ್ಳಾರಿ, ಕೊಪ್ಪಳ, ರಾಯಚೂರು, ಮೂರೂ ಕಡೆ ಈಗ ವಿಶ್ವವಿದ್ಯಾಲಯಗಳಿವೆ. ಈ ಪ್ರಶ್ನೆ ಹಿಡಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. ಇದಕ್ಕೆ ಬೇಕಾದ ಮಣ್ಣು ಇಲ್ಲೇ ಇದೆ.

ಒಂದು ಕೋರಿಕೆ. ಮಣ್ಣು ಕೊಟ್ಟ ರೈತರಿಗೆ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ತಲುಪಿಸಿ. ಸೋಡಿಯಂ ಹೆಚ್ಚಾಗಿ ಕೆಟ್ಟ ನೆಲಕ್ಕೆ ಜಿಪ್ಸಂ ಬೇಕು. ಬರೀ ಉಪ್ಪೇರಿದ ನೆಲಕ್ಕೆ ಬಸಿಗಾಲುವೆ ತೆಗೆದು, ಸಿಹಿನೀರು ಹಾಯಿಸಿ ಉಪ್ಪು ತೊಳೆಯಬೇಕು. ತಮ್ಮ ಹೊಲ ಎರಡರಲ್ಲಿ ಯಾವುದೆಂದು ಅವರಿಗೆ ಬಿತ್ತನೆಗೆ ಮುಂಚೆ ತಿಳಿಯಬೇಕು.

ನಮಸ್ಕಾರ.