ಬಂಗುಡೆಯ ಬಾಯಿ ತೆರೆದು ನೋಡಿ

ಎಲ್ಲರಿಗೂ ನಮಸ್ಕಾರ.

ಮಾರ್ಕೆಟ್ಟಿನಲ್ಲಿ ಬಂಗುಡೆ ತೆಗೆದುಕೊಳ್ಳುವಾಗ ನಾವು ಕಿವಿರು ಎತ್ತಿ ನೋಡುತ್ತೇವೆ. ಕೆಂಪಗಿದ್ದರೆ ತಾಜಾ, ಅಲ್ವಾ? ಇವತ್ತು ಮನೆಯಲ್ಲಿ ಅದರ ಬಾಯಿಯನ್ನೂ ಅಗಲಿಸಿ ನೋಡಿ. ಒಳಗೆ ಎರಡೂ ಬದಿಯಲ್ಲಿ ಹಕ್ಕಿಯ ಗರಿಯಂಥ ಉದ್ದುದ್ದ ಎಳೆಗಳು ಕಾಣಿಸುತ್ತವೆ. ಅದು ಬಂಗುಡೆಯ ಜರಡಿ. ಬಾಯಿ ತೆರೆದುಕೊಂಡೇ ಈಜುತ್ತದೆ. ನೀರು ಕಿವಿರಿನಿಂದ ಆಚೆ ಹೋಗುತ್ತದೆ, ನೀರಿನಲ್ಲಿದ್ದ ಸೂಕ್ಷ್ಮ ಜೀವಿಗಳು ಜರಡಿಯಲ್ಲಿ ಉಳಿಯುತ್ತವೆ. ಅಂಜಲ್‌ನ ಹಾಗೆ ಬೇರೆ ಮೀನನ್ನು ಅಟ್ಟಿಸಿಕೊಂಡು ಹೋಗಿ ಬದುಕುವ ಮೀನಲ್ಲ ಇದು.

ಈ ಜರಡಿ ನೋಡಿದ ಮೇಲೆ ನನಗೆ ನಮ್ಮ ಕರಾವಳಿಯ ಮಳೆಗಾಲ ಬೇರೆ ಥರ ಕಂಡಿತು. ಮುಂಗಾರಿನ ಹೊತ್ತಿಗೆ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ. ತಳದ ತಣ್ಣನೆಯ, ಸತ್ವ ತುಂಬಿದ ನೀರು ಮೇಲೆ ಬರುತ್ತದೆ. ಸೂಕ್ಷ್ಮ ಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಮಳೆ ಇಳಿದ ಮೇಲೆ ಬಂಗುಡೆ ಹಿಂಡುಹಿಂಡಾಗಿ ಸಿಗುವುದು ಆ ಊಟ ತಿಂದು ಬೆಳೆದದ್ದರಿಂದ.

ಈ ಹಿಂಡಿಗಾಗಿಯೇ ನಮ್ಮಲ್ಲಿ ರಂಪಣಿ ಬಲೆ ಇತ್ತು. ದೋಣಿಯಲ್ಲಿ ಹೋಗಿ ಹಿಂಡನ್ನು ಸುತ್ತುವರಿದು, ಬಲೆಯ ಎರಡೂ ತುದಿಯ ಹಗ್ಗ ದಡಕ್ಕೆ ತರುತ್ತಿದ್ದರು. ಎಳೆಯಲು ಊರೇ ಸೇರಬೇಕು, ಎಳೆದವರಿಗೆಲ್ಲ ಪಾಲು. ಮೀನು ಜಾಸ್ತಿ ಬಿದ್ದರೆ ಬಲೆಯೊಳಗೆ, ನೀರಿನಲ್ಲೇ ಬಿಟ್ಟು ದಿನಾ ಬೇಕಾದಷ್ಟು ತೆಗೆಯುತ್ತಿದ್ದರು. ಆಗಲೂ ಮಿಕ್ಕಿದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. 1970ರ ದಶಕದ ಕೊನೆಗೆ, ಕಡಲಲ್ಲೇ ಹಿಂಡನ್ನು ಸುತ್ತಿ ಬಲೆಯ ತಳ ಬಿಗಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು, ರಂಪಣಿ ಹಿಂದೆ ಸರಿಯಿತು.

ಬೇಕಾದಷ್ಟು ಸಿಗುತ್ತದೆ ಎಂಬ ಸಲುಗೆಯಲ್ಲೇ ನಾವು ಬಂಗುಡೆಯನ್ನು ಹಗುರವಾಗಿ ಕಾಣುತ್ತೇವೆ. ಅದು ನನಗೆ ಬೇಸರ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯಬಾರದು ಎಂದಿದೆ. ಅಷ್ಟು ಚಿಕ್ಕದು ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ಅಂಗೈ ಬುಡದಿಂದ ನಡುಬೆರಳಿನ ಅರ್ಧದವರೆಗೂ ಬಾರದ ಮರಿ ಬುಟ್ಟಿಯಲ್ಲಿ ಕಂಡರೆ, ದಯವಿಟ್ಟು ಕೊಳ್ಳಬೇಡಿ.

ಇನ್ನೊಂದು ಮಾತು ಐಸಿನದ್ದು. ಬಂಗುಡೆ ತಿಂದು ಮೈ ತುರಿಸಿತು, ಮುಖ ಕೆಂಪಾಯಿತು, 'ನನಗೆ ಈ ಮೀನು ಆಗುವುದಿಲ್ಲ' ಎನ್ನುವವರಿದ್ದಾರೆ. ಅಲರ್ಜಿ ಇರಲೂಬಹುದು. ಆದರೆ ಎಷ್ಟೋ ಸಲ ತಪ್ಪು ಬಿಸಿಲಿನದ್ದು. ಈ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ಮೈ ತುರಿಸುವುದು, ಮುಖ ಕೆಂಪಾಗುವುದು ಈ ಹಿಸ್ಟಮಿನ್‌ನಿಂದ. ಒಮ್ಮೆ ಆಯಿತೆಂದರೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ವಾಸನೆಯಿಂದಲೂ ಗೊತ್ತಾಗಬೇಕೆಂದಿಲ್ಲ.

ಹಾಗಾಗಿ ಮೀನು ತರಲು ಹೋಗುವಾಗ ಚೀಲದ ಜೊತೆ ಒಂದು ಡಬ್ಬಿ ಐಸು ಇರಲಿ. ಮನೆಗೆ ಬಂದ ಕೂಡಲೇ ಹೊಟ್ಟೆ ಸೀಳಿ, ಕರುಳು ತೆಗೆದು, ತೊಳೆದು ಮತ್ತೆ ಐಸಿನಲ್ಲಿಡಿ. ಬ್ಯಾಡಗಿ ಮೆಣಸು ಹುರಿದು, ಹುಳಿ ಸೇರಿಸಿ ನುಣ್ಣಗೆ ಅರೆದು, ಆ ಮಸಾಲೆ ಒಲೆಯ ಮೇಲೆ ಕುದಿ ಬರುವವರೆಗೂ ಮೀನು ಅಲ್ಲೇ ಇರಲಿ.