ಮೆಜೆಸ್ಟಿಕ್: ಕೆರೆಯಂಗಳದಡಿಯ ರೈಲು ನಿಲ್ದಾಣ

ಕೇಳುಗರೆಲ್ಲರಿಗೂ ನಮಸ್ಕಾರ. ಇನ್ನೊಂದು ಗಂಟೆಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಧಾವಿಸುತ್ತಿರುತ್ತೀರಿ. ಧಾವಿಸುವಾಗ ಒಂದು ಸಂಗತಿ ನೆನಪಿರಲಿ: ನೀವಿರುವುದು ಕೆರೆಯಂಗಳದ ಅಡಿಯಲ್ಲಿ.

ಆ ಕೆರೆಯ ಹೆಸರು ಧರ್ಮಾಂಬುಧಿ. ಕಟ್ಟಿಸಿದವನು ಕೆಂಪೇಗೌಡ ಎನ್ನುತ್ತಾರೆ. ಪೇಟೆಯ ಜನ ಶತಮಾನಗಳ ಕಾಲ ಅದರ ನೀರು ಕುಡಿದರು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಹರಿದು ಊರಿಗೆ ಬಂದಿತು. ಮನೆಯ ಹತ್ತಿರ ನಲ್ಲಿ ಬಂದ ಮೇಲೆ ಕೆರೆಯನ್ನು ಕೇಳುವವರು ಯಾರು? ಹೂಳು ತುಂಬಿತು, ನೀರು ಬತ್ತಿತು. ಉಳಿದದ್ದು ಊರ ನಡುವಿನ ದೊಡ್ಡ ಬಯಲು, ಪಕ್ಕದಲ್ಲೇ ರೈಲು ನಿಲ್ದಾಣ. ಬಯಲಿಗೆ ಸುಭಾಷ್ ನಗರ ಎಂಬ ಹೆಸರಾಯಿತು, ಬಸ್ಸುಗಳು ಬಂದು ನಿಂತವು, ಮೆಟ್ರೊ ಕೂಡ ಅಲ್ಲಿಗೇ ಬಂದಿತು. ಹಿಂದೆ ನೀರು ಬಂದು ಸೇರುತ್ತಿದ್ದ ತಗ್ಗಿಗೇ ಈಗ ಜನ ಬಂದು ಸೇರುತ್ತಾರೆ. ಮೆಜೆಸ್ಟಿಕ್ ಎಂಬ ಹೆಸರು ಒಂದು ಚಿತ್ರಮಂದಿರದ್ದು, ಅದು ಎಲ್ಲರಿಗೂ ಗೊತ್ತು. ಧರ್ಮಾಂಬುಧಿ ಗೊತ್ತಿಲ್ಲ ಎಂದರೆ ನನಗೆ ಸ್ವಲ್ಪ ಬೇಸರವಾಗುತ್ತದೆ.

ನಾನು ಭೂವಿಜ್ಞಾನದ ಮೇಷ್ಟ್ರು. ಸುರಂಗ ಕೊರೆಯುತ್ತಿದ್ದ ಕಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಪ್ಲಾಸ್ಟಿಕ್ ಚೀಲಗಳನ್ನು ತಂದು ಮೇಜಿನ ಮೇಲಿಟ್ಟ. ಒಂದರಲ್ಲಿ ಬೂದು ಬಣ್ಣದ ಕಲ್ಲಿನ ಚೂರು. ಅಂಚು ಎಷ್ಟು ಹರಿತವಾಗಿತ್ತೆಂದರೆ ಚೀಲವೇ ಸೀಳಿತ್ತು. ಇನ್ನೊಂದರಲ್ಲಿ ಹಳದಿ ಮಣ್ಣು, ಹಿಂಡಿದರೆ ಬೆರಳ ಸಂದಿಯಿಂದ ರಾಗಿ ಮುದ್ದೆಯ ಹಾಗೆ ಜಾರುತ್ತಿತ್ತು. ‘ಎರಡೂ ಒಂದೇ ಸುರಂಗದವು ಸಾರ್, ನಡುವೆ ಹತ್ತು ಹೆಜ್ಜೆ’ ಎಂದ. ನಾನು ಅವನನ್ನು ಕೂರಿಸಿಕೊಂಡು ಆ ಮಣ್ಣನ್ನು ನೀರಿನಲ್ಲಿ ತೊಳೆದೆ. ತಳದಲ್ಲಿ ಬೆಣಚುಕಲ್ಲಿನ ಹರಳುಗಳು ಉಳಿದವು, ಬೂದು ಕಲ್ಲಿನಲ್ಲಿ ಕಾಣುತ್ತಿದ್ದ ಅದೇ ಹರಳುಗಳು. ಎರಡೂ ಒಂದೇ ತಾಯಿಯ ಮಕ್ಕಳು! ಬೆಂಗಳೂರಿನ ಕೆಳಗಿರುವುದು ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ ಎಂಬ ಜಾತಿಯ ಶಿಲೆ. ಬಿರುಕುಗಳಲ್ಲಿ ನೀರು ಇಳಿದಲ್ಲಿ ಅದು ಕೊಳೆತು ಮಣ್ಣಾಗುತ್ತದೆ, ಇಳಿಯದ ಕಡೆ ಉಕ್ಕಿನಂತೆ ಉಳಿಯುತ್ತದೆ.

ಈಗ ಸುರಂಗ ಕೊರೆಯುವ ಯಂತ್ರದ ಕಷ್ಟ ನೋಡಿ. ಅದರ ಮುಖದ ವ್ಯಾಸ ಆರು ಮೀಟರಿಗೂ ಹೆಚ್ಚು, ಮುಖದ ತುಂಬ ಉಕ್ಕಿನ ಚಕ್ರಗಳು. ಮೇಲರ್ಧಕ್ಕೆ ಮಣ್ಣು, ಕೆಳಗರ್ಧಕ್ಕೆ ಬಂಡೆ ಸಿಕ್ಕಿತು ಎಂದುಕೊಳ್ಳಿ. ಮೆತ್ತನೆಯ ಮಣ್ಣಿನಲ್ಲಿ ಸುತ್ತಿ ಬಂದ ಚಕ್ರ ಪ್ರತಿ ಸುತ್ತಿಗೂ ಬಂಡೆಯ ಅಂಚಿಗೆ ಬಡಿಯುತ್ತದೆ. ಇಡೀ ಕಲ್ಲಾದರೂ ಕೊರೆಯಬಹುದು, ಇಡೀ ಮಣ್ಣಾದರೂ ಕೊರೆಯಬಹುದು, ಬೆರಕೆ ನೆಲ ಮಾತ್ರ ಯಂತ್ರವನ್ನು ತಿಂದುಹಾಕುತ್ತದೆ. ಚಿಕ್ಕಪೇಟೆಯಿಂದ ಮೆಜೆಸ್ಟಿಕ್ಕಿಗೆ ಹೊರಟಿದ್ದ ಯಂತ್ರದ ಹೆಸರು ಗೋದಾವರಿ. ದಾರಿಯಲ್ಲೇ ಅದರ ಕೊರೆಯುವ ತಲೆ ಹಾಳಾಗಿ ತಿಂಗಳುಗಟ್ಟಲೆ ನಿಂತಿತು. ಕೊನೆಗೆ ತಲೆಯನ್ನೇ ಬದಲಿಸಬೇಕಾಯಿತು. ಮೇಲೆ ಸೀರೆ ಅಂಗಡಿಗಳ ವ್ಯಾಪಾರ ಎಂದಿನಂತೆ ನಡೆದಿತ್ತು. 2016ರಲ್ಲಿ ಅದು ಮೆಜೆಸ್ಟಿಕ್ ಸೇರಿದ ಸುದ್ದಿ ಓದಿದ ದಿನ ನನ್ನ ವಿದ್ಯಾರ್ಥಿ ಫೋನ್ ಮಾಡಿ, ಏನೂ ಹೇಳಲಾಗದೆ ಸುಮ್ಮನೆ ನಕ್ಕ. ಆ ನಗು ನನಗೆ ಅರ್ಥವಾಯಿತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹೆಲೆನ್ ಮತ್ತು ಮಾರ್ಗರೀಟಾ ಎಂಬ ಯಂತ್ರಗಳು ಪೂರ್ವ ಪಶ್ಚಿಮದ ಸುರಂಗ ಕೊರೆದವು. ಕಾವೇರಿ, ಕೃಷ್ಣಾ, ಗೋದಾವರಿ ಉತ್ತರ ದಕ್ಷಿಣದವು. ಕಬ್ಬನ್ ಪಾರ್ಕಿನಿಂದ ಮಾಗಡಿ ರಸ್ತೆಯ ಕಡೆಗಿನ ನೆಲದಡಿಯ ಓಟ 2016ರ ಏಪ್ರಿಲ್ ಕೊನೆಗೆ ಶುರುವಾಯಿತು. ದಕ್ಷಿಣ ಭಾರತಕ್ಕೆ ಅದೇ ಮೊದಲ ಸುರಂಗ ಮೆಟ್ರೊ. ಹಸಿರು ಮಾರ್ಗ 2017ರ ಜೂನ್‌ನಲ್ಲಿ ಬಂದು ಕೂಡಿತು. ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟದ್ದು ನನಗೆ ತುಂಬ ಸಂತೋಷ. ಅದರ ಜೊತೆಗೆ ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ, ‘ಇದು ಧರ್ಮಾಂಬುಧಿ ಕೆರೆ’ ಎಂದು ಒಂದು ಫಲಕ ಹಾಕಲಿ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಕೆರೆಯ ಗುರುತು ಇನ್ನೂ ಇದೆ. ಬಸ್ ನಿಲ್ದಾಣದ ಬಳಿ ಟ್ಯಾಂಕ್ ಬಂಡ್ ರಸ್ತೆ ಎಂಬ ನಾಮಫಲಕ ನೋಡಿರುತ್ತೀರಿ. ಅದು ಕೆರೆಯ ಏರಿಯ ರಸ್ತೆ. ಜೋರು ಮಳೆ ಸುರಿದ ಸಂಜೆ ಓಕಳಿಪುರದ ಸೇತುವೆಯ ಕೆಳಗೆ ನೀರು ನಿಂತಾಗ ಎಲ್ಲರೂ ಬೈಯುತ್ತಾರೆ. ಇಳಿಜಾರಿನ ನೀರು ತಾನು ಬಲ್ಲ ದಾರಿ ಹಿಡಿದು ತಗ್ಗಿಗೆ ಬರುತ್ತಿರುತ್ತದೆ. ಆ ಎರಡು ಚೀಲಗಳ ಕಲ್ಲು, ಮಣ್ಣು ಈಗ ಗಾಜಿನ ಬಾಟಲಿಗಳಲ್ಲಿ ನನ್ನ ಕಪಾಟಿನಲ್ಲಿವೆ. ಮಣ್ಣಿನ ಬಾಟಲಿಯ ಮುಚ್ಚಳ ತೆಗೆದರೆ ಇಂದಿಗೂ ಸಣ್ಣಗೆ ಹಸಿ ವಾಸನೆ ಬರುತ್ತದೆ.

ನಮಸ್ಕಾರ.