ಅಮ್ಮನ ಒದ್ದೆ ಕೈ ಮತ್ತು ಗಾಜಿನ ಒಲೆ

ಎಲ್ಲರಿಗೂ ನಮಸ್ಕಾರ.

ಶಿರಸಿಯ ಮಳೆಗಾಲ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಳೆದ ಆಷಾಢದ ಒಂದು ಬೆಳಿಗ್ಗೆ ನಮ್ಮ ಮನೆಯ ಇಂಡಕ್ಷನ್ ಒಲೆಯ ಮೇಲೆ ಹಾಲು ಉಕ್ಕಿತು. ತಂಬುಳಿಗೆಂದು ಒಂದೆಲಗ ತೊಳೆಯುತ್ತಿದ್ದ ಅಮ್ಮ ಓಡಿ ಬಂದು ಒಲೆ ಆರಿಸುವ ಗುರುತನ್ನು ಒತ್ತಿದರು. ಆರಲಿಲ್ಲ. ಮತ್ತೆ ಒತ್ತಿದರು, ಒಲೆ ಕುಂಯ್ ಎಂದಿತೇ ಹೊರತು ಮಾತು ಕೇಳಲಿಲ್ಲ. ಕೊನೆಗೆ ಸೆರಗಿನಲ್ಲಿ ಹಿಡಿದು ಪಾತ್ರೆಯನ್ನೇ ಎತ್ತಿ ಕೆಳಗಿಟ್ಟರು. ಕಟ್ಟೆ ಒರೆಸುತ್ತ ಮೆಲ್ಲಗೆ ಹೇಳಿದರು: "ನನಗೆ ಇದೆಲ್ಲ ಬರುವುದಿಲ್ಲ ಬಿಡು."

ಸೌದೆ ಒಲೆ, ಸೀಮೆಎಣ್ಣೆ ಸ್ಟೋವ್, ಗ್ಯಾಸ್ ಎಲ್ಲವನ್ನೂ ಪಳಗಿಸಿದ ಕೈ ಅದು. ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ತಪ್ಪು ಅಮ್ಮನದಲ್ಲ, ಒಲೆಯ ವಿನ್ಯಾಸದ್ದು.

ಆ ಇಂಡಕ್ಷನ್ ಒಲೆಗೆ ಒತ್ತುವ ಗುಂಡಿಯೇ ಇಲ್ಲ. ಬೆರಳು ತಾಗಿದಾಗ ಆಗುವ ವಿದ್ಯುತ್ತಿನ ಸೂಕ್ಷ್ಮ ಬದಲಾವಣೆಯನ್ನು ಗಾಜಿನಡಿಯ ಪಟ್ಟಿ ಗುರುತಿಸುತ್ತದೆ. ಹಾಲೋ ನೀರೋ ಹರಡಿಕೊಂಡರೆ ಬೆರಳು ಯಾವುದು, ಹನಿ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಆದರೆ ಪಾತ್ರೆ ಎತ್ತಿದರೆ ಅದೇ ಒಲೆ ತಾನಾಗಿ ಬಿಸಿ ಮಾಡುವುದನ್ನು ನಿಲ್ಲಿಸುತ್ತದೆ! ಪಾತ್ರೆಯ ಬಗ್ಗೆ ಅಷ್ಟು ಯೋಚಿಸಿದವರು ಅಡುಗೆ ಮಾಡುವವರ ಕೈಯ ಬಗ್ಗೆ ಯೋಚಿಸಲಿಲ್ಲ. ಹಾಲು ಉಕ್ಕುವುದು, ಕೈ ಒದ್ದೆಯಾಗುವುದು ಅಡುಗೆಮನೆಯಲ್ಲಿ ಅಪರೂಪವೇ? ತಿರುಗಿಸುವ ಒಂದು ತಿರುಪು ಇದ್ದಿದ್ದರೆ ಸಾಕಿತ್ತು.

ತಿರುಪು ಇದ್ದಮಾತ್ರಕ್ಕೆ ಆಯಿತೆಂದೂ ಅಲ್ಲ. ನಾಲ್ಕು ಬರ್ನರ್‌ಗಳು ಚೌಕವಾಗಿ, ನಾಲ್ಕು ತಿರುಪುಗಳು ಸಾಲಾಗಿ ಇರುವ ಗ್ಯಾಸ್ ಒಲೆಯಲ್ಲಿ ಹಿಂದಿನ ಎಡದ ಬರ್ನರ್ ಯಾವುದರದೆಂದು ಪ್ರತಿ ಸಲವೂ ಬಗ್ಗಿ ನೋಡಬೇಕು. ಎರಡೇ ಬರ್ನರ್‌ನ ಒಲೆಯಲ್ಲಿ ಈ ಗೊಂದಲವಿಲ್ಲ.

ತರಕಾರಿ ಹೆಚ್ಚುವ ನಮ್ಮ ಮೆಟ್ಟುಗತ್ತಿಯನ್ನು ನೆನೆಯಿರಿ. ಕಾಲು ಮಣೆಯನ್ನು ಮೆಟ್ಟಿ ಹಿಡಿಯುತ್ತದೆ, ಅಲಗು ಅಲುಗಾಡದೆ ನಿಲ್ಲುತ್ತದೆ, ಎರಡೂ ಕೈಗಳು ಹಲಸಿನ ಗುಜ್ಜೆಗೆ ಸಿಗುತ್ತವೆ. ಇದಕ್ಕೆ ಕೈಪಿಡಿ ಬೇಕಾಗಲಿಲ್ಲ. ಹಳೆಯದೆಂದು ಹೊಗಳುತ್ತಿಲ್ಲ, ಮೊಣಕಾಲು ನೋವಿನವರಿಗೆ ನೆಲದಲ್ಲಿ ಕೂರುವುದೇ ಕಷ್ಟ. ಅವರಿಗೆ ಅದು ಒಳ್ಳೆಯ ವಿನ್ಯಾಸವಲ್ಲ.

1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಆವಿಯ ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು ರೂಪಿಸಿದ. ಅದು ಸಿಡಿಯಬಾರದೆಂದು ಹೆಚ್ಚಾದ ಆವಿಯನ್ನು ಹೊರಬಿಡುವ ಕವಾಟವನ್ನೂ ಮಾಡಿದ. ಅವನ ಆ ಕಾಳಜಿ ಮುಂದುವರಿದದ್ದನ್ನು ತೋರಿಸಲೆಂದೇ ಇಂದು ನಮ್ಮ ಮನೆಯ ಕುಕ್ಕರನ್ನು ತಂದಿದ್ದೇನೆ. ಒಳಗಿನಿಂದ ಕೂರುವ ಮುಚ್ಚಳದ ಕುಕ್ಕರ್ ಇದು. ಬಾಯಿ ಪೂರ್ತಿ ದುಂಡಗಿಲ್ಲ, ಅಂಡಾಕಾರ. ಮುಚ್ಚಳವನ್ನು ಓರೆ ಮಾಡಿ ಒಳಗಿಳಿಸಿ, ಮೇಲೆಳೆದು ಹಿಡಿಕೆಯನ್ನು ಸಿಕ್ಕಿಸುತ್ತೇವೆ. ಆವಿ ತುಂಬಿದಷ್ಟೂ ಅದೇ ಮುಚ್ಚಳವನ್ನು ಅಂಚಿಗೆ ಒತ್ತಿ ಹಿಡಿಯುತ್ತದೆ. ತೆಗೆಯಬೇಕಾದರೆ ಮುಚ್ಚಳ ಮೊದಲು ಕೆಳಗಿಳಿಯಬೇಕು. ಒತ್ತಡ ಇರುವವರೆಗೆ ಇಳಿಯುವುದಿಲ್ಲ. ಮಗುವನ್ನು ಶಾಲೆಗೆ ಹೊರಡಿಸುವ ಅವಸರದಲ್ಲಿ ನಾವು ಮೈಮರೆಯುತ್ತೇವೆಂದು ಇದನ್ನು ರೂಪಿಸಿದವರಿಗೆ ಗೊತ್ತಿತ್ತು. ಅದಕ್ಕಾಗಿ ನಮ್ಮನ್ನು ಬೈಯದೆ, ಕೈ ಸುಡದಂತೆ ನೋಡಿಕೊಂಡರು.

ಈ ಮುಚ್ಚಳ ನೋಡಿ ನೋಡಿ ಅಮ್ಮನಿಗೆ ಸಾಮಾನ್ಯವಾಗಿಬಿಟ್ಟಿದೆ. ಇದನ್ನು ಹಾಕುವಾಗ "ನನಗೆ ಬರುವುದಿಲ್ಲ" ಎಂದು ಅವರು ಒಮ್ಮೆಯೂ ಹೇಳಿಲ್ಲ. ಮುಂದಿನ ಸಾಲಿನಿಂದ ಕುಕ್ಕರನ್ನೂ ಮುಚ್ಚಳವನ್ನೂ ಕಳಿಸುತ್ತಿದ್ದೇನೆ. ಒಮ್ಮೆ ಓರೆ ಮಾಡಿ ಒಳಗಿಳಿಸಿ, ಮೇಲೆಳೆದು ನೋಡಿ. ಆಮೇಲೆ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ.